ನೆಲಕ್ಕೆ ನೀರು

ಆ ಭಾಷೆ ಬಲ್ಲವನು ತಳಂಗರೆಯ ಅಂದುಂಞಿ ಒಬ್ಬನೇ.
ಬಲ್ಲ ಅಂದರೆ, ಡಚ್ಚರ ಹಡಗಿನ ಹೊಟ್ಟೆಯಲ್ಲಿ ಕಲಿತದ್ದು:
ಕಲ್ಲಿದ್ದಲು, ಹಗ್ಗ, ನೀರು, ಬೇಗ, ಸಾಕು,
ಮತ್ತೆ ನಾಲ್ಕಾರು ಬೈಗುಳ.

ರೇಡಿಯೋ ನಮ್ಮ ಹೊಗೆಸೊಪ್ಪಿನ ಅಂಗಡಿಯ ಮಾಳಿಗೆಯಲ್ಲಿ.
ಮಾಮ ಅದರ ಬ್ಯಾಟರಿಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟು
ರೈಲಿನಲ್ಲಿ ಮಂಗಳೂರಿಗೆ ಒಯ್ದು ಚಾರ್ಜು ಮಾಡಿಸಿ ತರುವನು.
ಆಸಿಡ್ಡು ಚೆಲ್ಲಿ ಅವನ ಪಂಚೆಯೆಲ್ಲ ತೂತು.

ನನ್ನ ಕೆಲಸ ಹೊರಗೆ, ಕತ್ತಲಲ್ಲಿ.
ಗೋಡೆಯ ಬುಡದಲ್ಲೊಂದು ಗುಂಡಿ, ಉಪ್ಪು, ಇದ್ದಿಲು,
ಹುಗಿದ ತಾಮ್ರದ ಸರಳು.
ಸ್ವರ ಗೊರಗೊರ ಅಂದರೆ ಕಿಟಕಿಯಿಂದ ಕೂಗು:
"ಹೊಯ್ಯೇ ಮುಕ್ತಾ, ನೆಲಕ್ಕೆ ನೀರು!"
ಒಂದು ತಂಬಿಗೆ ಹೊಯ್ದರೆ
ಲಂಡನ್ನು ಹತ್ತಿರ.

ಹೆಚ್ಚಿನ ರಾತ್ರಿ ಯಾವನೋ ಗಂಡಸು ವಾರ್ತೆ ಓದುವನು.
ಒಮ್ಮೊಮ್ಮೆ ಒಬ್ಬ ಹಿರಿಯ ಹೆಂಗಸು.
"ರಾಣಿ" ಎಂದ ಅಂದುಂಞಿ, ಟೊಪ್ಪಿ ನೇರ ಮಾಡಿಕೊಂಡು.
ಸಿಂಹಾಸನದ ಸ್ವರವಲ್ಲ ಅದು;
ಅಕ್ಕಿ ಮುಗಿದ ಮನೆಯಲ್ಲಿ ಅಜ್ಜಿ
ಮಕ್ಕಳನ್ನು ಗದರಿ ಕೂರಿಸಿದ ಹಾಗೆ.

ಅವಳ ಊರನ್ನು ಪರರು ಹಿಡಿದಿದ್ದಾರಂತೆ.
ಅಲ್ಲಿ ರೇಡಿಯೋವನ್ನು ಗೋಡೆ ಕೊರೆದು ಅಡಗಿಸುವರಂತೆ,
ಸಿಕ್ಕಿಬಿದ್ದರೆ ಜೈಲಂತೆ.
"ಕೇಳಿದ್ದಕ್ಕೆ ಜೈಲೇ?" ಎಂದ ಮಾಮ,
ಎದ್ದು ನಮ್ಮ ಕಿಟಕಿ ಮುಚ್ಚಿದ.

"ಏನಂದಳು?"
"ನೀರು ಅಂದಳು. ಸಾಕು ಅಂದಳು. ಹಡಗು, ಎರಡು ಸಲ."
"ಮಧ್ಯದಲ್ಲಿ?"
"ಮಧ್ಯದ್ದು ದೊಡ್ಡವರ ಮಾತು."

ಅವನು ಕಾದದ್ದು ಒಂದೇ ಮಾತಿಗೆ: ಸಂಬಳ.
ಬಟಾವಿಯದ ಕಚೇರಿಯಲ್ಲಿ ಉಳಿದ ಹನ್ನೊಂದು ತಿಂಗಳದ್ದು.
ಕಚೇರಿ ಜಪಾನಿಗೆ ಹೋಯಿತು, ಹಡಗು ನೀರಿಗೆ ಹೋಯಿತು,
ಲೆಕ್ಕ ಗೊತ್ತಿರುವ ಜೀವ ಇನ್ನು ಅವಳೊಬ್ಬಳೇ ಎಂಬಂತೆ
ಹೊಳೆಯ ದಂಡೆಯಿಂದ ಲಾಟೀನಿಲ್ಲದೆ ನಡೆದು ಬರುವನು.
ಅವಳು ಅದನ್ನು ಹೇಳಲೇ ಇಲ್ಲ.

ಯುದ್ಧ ಮುಗಿದು ಅವಳು ಊರು ಸೇರಿದ ಸುದ್ದಿ
ಪೇಪರಿನಲ್ಲಿ ಬಂತು.
ಆ ತುಂಡನ್ನು ಟೊಪ್ಪಿಯೊಳಗಿಟ್ಟುಕೊಂಡು
"ಇನ್ನು ಬರುತ್ತದೆ" ಎಂದ ಅಂದುಂಞಿ.

ಹನ್ನೊಂದು ವರ್ಷ ಕಳೆದು ಬಂದದ್ದು ಗಡಿ.
ನಾವು ಎಲ್ಲಿಗೂ ಹೋಗಲಿಲ್ಲ.
ಕೂತಲ್ಲೇ, ಚಾಪೆ ಎಳೆದ ಹಾಗೆ.
ಮಾಮ ಧಾರವಾಡ ಹಿಡಿಯಲು ಮುಳ್ಳು ತಿರುಗಿಸುವಾಗ
ಅಂದುಂಞಿ ಬಂದು ಜಗಲಿಯಲ್ಲಿ ಕೂರುವನು, ಹಳೆಯ ಅಭ್ಯಾಸ.
ಈಗ ಕೇಳುವ ಸರದಿ ಅವನದು:

"ಏನಂದಳು?"
"ಮಳೆ ಅಂದಳು. ಜೋಳದ ಧಾರಣೆ. ನಾಳೆ ಸಂಗೀತವಂತೆ."
"ನಮ್ಮ ಊರು?"

ಮಾಮ ಉತ್ತರಿಸಲಿಲ್ಲ. ಸ್ವರ ಗೊರಗೊರ ಅಂತು.
ಬಸಿರಿ ನಾನು, ಗೋಡೆ ಹಿಡಿದು ಎದ್ದೆ,
ತಂಬಿಗೆ ತುಂಬಿಕೊಂಡು
ಕತ್ತಲಿಗಿಳಿದೆ.