ಹನ್ನೆರಡು ಗ್ರಾಂ ಕೆಂಪು ಉಣ್ಣೆ

ಹೊಸ ಫಿಲ್ಟರು ಹಾಕಿದ ದಿನ ಎಲ್ಸ್‌ಪೆತ್‌ಳ ಪುಟ್ಟ ಕಾರು
ಹಾಯ್ಕ್ ಪೇಟೆಯ ಕಿಟಕಿಗಾಜನ್ನೆಲ್ಲ ನಡುಗಿಸಿತು.
ಎರಡೇ ಸೀಟು, ಬೆನ್ನಿಗೆ ಆತುಕೊಂಡೇ ಎಂಜಿನ್ನು,
ಬಾಗಿಲ ಹಿಂದೆ ಆಚೆಗೊಂದು ಈಚೆಗೊಂದು
ಮೀನಿನ ಕಿವಿರಿನಂಥ ಸೀಳು.
ಉಣ್ಣೆ ಮಿಲ್ಲಿನ ಮೂರು ತಿಂಗಳ ಓವರ್‌ಟೈಮು ಕರಗಿ
ನೀಲಿ ಕೊಳವೆಯ ತುದಿಯಲ್ಲಿ
ಶಂಕುವಾಗಿ ಕೂತಿತ್ತು.
ಹದಿನೈದು ಕುದುರೆ ಹೆಚ್ಚುತ್ತವೆ ಎಂದಿದ್ದ ಮಾರಿದವನು.

ಗಾಲಾಶೀಲ್ಸಿನ ಡೂಗಿ ಟೆಲ್ಫರ್
ಕಾರನ್ನು ಉರುಳೆಗಳ ಮೇಲೆ ಬಿಗಿದು, ನಿಂತಲ್ಲೇ ಓಡಿಸಿ
ಕಾಗದ ಹರಿದು ಕೊಟ್ಟ:
ಮೊದಲು ನೂರಹನ್ನೆರಡು. ಈಗ ನೂರೊಂಬತ್ತು.
‘ಸದ್ದು ಮಾತ್ರ ಇನ್ನೂರರದು’ ಅಂದ.
ದುಡ್ಡೆಣಿಸಿಕೊಳ್ಳುವಾಗಲೂ ನಗಲಿಲ್ಲ, ಪುಣ್ಯಾತ್ಮ.

ಹದಿನೈದು ಗಾಳಿಮಾತು, ಸರಿ.
ಇದ್ದ ಮೂರು ಎಲ್ಲಿ ಬಿದ್ದುಹೋದವು?
ದಾರಿಯುದ್ದ ಅವಳು ತುಟಿ ಬಿಚ್ಚಲಿಲ್ಲ.
ನಾನು ಬ್ರೆಡ್ ವ್ಯಾನಿನವ, ಎಂಜಿನ್ನು ಅರಿಯದವ,
ಬೇಕರಿಯ ಒಲೆ ಮಾತ್ರ ಬಲ್ಲೆ:
ಅದರ ಬಾಯೆದುರು ನಿಂತು ಎಷ್ಟು ಎಳೆದರೂ
ಎದೆ ತುಂಬುವುದಿಲ್ಲ. ಕಾದ ಗಾಳಿ
ಗಾತ್ರಕ್ಕೆ ದೊಡ್ಡದು, ತೂಕಕ್ಕೆ ಸುಳ್ಳು.
ಸುಮ್ಮನೆ ಅಂದೆ.
ಗಕ್ಕನೆ ಬ್ರೇಕು ಹಾಕಿದಳು.

ಭಾನುವಾರ, ಬೆಳಗಿನ ಐದು. ಯುದ್ಧಕಾಲದ ಹಾಳು ರನ್‌ವೇ,
ಕಾಂಕ್ರೀಟಿನ ಬಿರುಕಲ್ಲಿ ಹುಲ್ಲು, ಅಂಚಲ್ಲಿ ಕುರಿ.
ಕಾರಿನ ಮೈತುಂಬ ಕೆಂಪು ಉಣ್ಣೆಯೆಳೆ ಅಂಟಿಸುತ್ತಿದ್ದಳು,
ಬೆರಳುದ್ದದ್ದು, ಗೇಣಿಗೊಂದು,
ಟೇಪನ್ನು ಹಲ್ಲಲ್ಲಿ ಕಡಿದು.
ಜಾರಿದ ಹೆಣಿಗೆಯ ಕಣ್ಣುಗಳನ್ನು
ಒಂದೊಂದಾಗಿ ಎತ್ತಿ ಕೂರಿಸುವ ಅವೇ ಬೆರಳು.
ಮುಗಿದಾಗ ಅದು ಕಾರಲ್ಲ, ದಡಾರ ಎದ್ದ ಮಗು.
ತಮ್ಮವರ್ಯಾರೋ ಬಂದರೆಂದು ಕುರಿಗಳು ತಲೆ ಎತ್ತಿದವು.

‘ನನ್ನೆಡಕ್ಕೆ ಬಾ. ನಲವತ್ತು ಮೈಲಿ ಬಿಡಬೇಡ.
ರಸ್ತೆ ನೋಡಬೇಡ, ನೂಲು ನೋಡು.’

ನೋಡಿದೆ. ವ್ಯಾನಿನಲ್ಲಿ ಖಾಲಿ ತಟ್ಟೆಗಳ ಗದ್ದಲ.
ಬಾಗಿಲ ಮೇಲಿನ ಎಳೆಗಳು
ಎಣ್ಣೆ ಹಚ್ಚಿ ಬಾಚಿದಂತೆ ಮಲಗಿದ್ದವು.
ಚಾವಣಿಯಂಚಿನವು ಚಳಿಗೆ ನಡುಗುತ್ತಿದ್ದವು.
ಆದರೆ ಆ ಸೀಳಿನ ಬಾಯಲ್ಲಿ,
ಕುಡಿಯಬೇಕಾದಲ್ಲಿ,
ಎದ್ದು ನಿಂತವು, ಸುತ್ತಿದವು,
ತಿರುಗಿ ಮುಂದಕ್ಕೇ ಬೆರಳು ಚಾಚಿ
ಹೊರಗೆ, ಹೊರಗೆ, ಎಂದವು.
ಇಷ್ಟು ವರ್ಷ ಉಸಿರೆಳೆಯುತ್ತಿದೆ ಅಂದುಕೊಂಡ ಬಾಯಿ
ಉಗುಳುತ್ತಿತ್ತು.
ನಾನು ಕೂಗಿದ್ದು ಅವಳಿಗೆ ಕೇಳಲಿಲ್ಲ,
ಫಿಲ್ಟರಿನ ಆರ್ಭಟ.

ಆಮೇಲೆ ಬಿಸ್ಕತ್ತಿನ ಡಬ್ಬಿ ಕತ್ತರಿಸಿ
ಸೀಳಿನ ಹಿಂದಂಚಿಗೆ ಒಂದು ತುಟಿ.
ಎಂಜಿನ್ನಿಗೂ ಶಂಕುವಿಗೂ ನಡುವೆ ಅಡ್ಡಗೋಡೆ,
ಅದು ನನ್ನ ಬ್ರೆಡ್ ತಟ್ಟೆ; ಲೆಕ್ಕಕ್ಕೆ ಇನ್ನೂ ಬಂದಿಲ್ಲ.
ಬಗ್ಗಿಸು, ಓಡಿಸು, ನೋಡು. ಮತ್ತೆ ಬಗ್ಗಿಸು.
ಬೆರಳು ಕುಯ್ದುಕೊಂಡಳು. ಕುರಿಗಳಿಗೆ ಬೇಸರ ಬಂತು.
ಏಳನೆಯ ಓಟಕ್ಕೆ ಒಂದೆಳೆ
ತಡವರಿಸಿತು,
ಅತ್ತ ನೋಡಿತು, ಇತ್ತ ನೋಡಿತು,
ಶಾವಿಗೆ ಹೀರುವ ಹುಡುಗನ ತುಟಿಯೊಳಕ್ಕೆಂಬಂತೆ
ಸುರ್ರೆಂದು ಒಳಗೆ.
ಅದರ ಹಿಂದೆ ಉಳಿದವು.

ಡೂಗಿಯ ಕಾಗದ ನೂರಹದಿನಾಲ್ಕು ಅಂದಿತು.
‘ಇಷ್ಟೆಲ್ಲ ಮಾಡಿ ಇಷ್ಟೇನಾ?’
ಎರಡು ಬೆರಳೆತ್ತಿ ತೋರಿಸಿದ.
ಅವಳು ಅದನ್ನು ಮಡಿಚಿ ಜೇಬಿಗಿಟ್ಟಳು,
ಬಸ್ಸಿನ ಟಿಕೆಟ್ಟಿನಂತೆ.

ಸೋಮವಾರ ಮಿಲ್ಲಿನಲ್ಲಿ ಲಾರಿಮರ್ ಮೇಡಂ ನೂಲುಂಡೆ ತೂಗಿದಳು.
ಕೆಂಪು, ಹನ್ನೆರಡು ಗ್ರಾಂ ಕಮ್ಮಿ.
ಪುಸ್ತಕ ಮುಂದೆ ತಳ್ಳಿದಳು: ಏನಾಯಿತು, ಬರೆ.
ಎಲ್ಸ್‌ಪೆತ್ ಗುಂಡಗೆ ಬರೆದಳು:
ಗಾಳಿಗೆ ತೂರಿದೆ.
ಸಂಬಳದಲ್ಲಿ ಹಿಡಿದರು.

ಎಡಗಡೆಯ ಸೀಳಿನಲ್ಲಿ ಒಂದೆಳೆ ಈಗಲೂ ಇದೆ,
ಮಳೆಗೆ ಬಣ್ಣ ಬಿಟ್ಟು ಗುಲಾಬಿಯಾಗಿ.
ಬೆಳಗಿನ ಪಾಳಿಗೆ ಹೋಗುತ್ತ
ಟೆವಿಯಟ್ ಸೇತುವೆಯಾಚೆ ಅವಳು ನನ್ನ ವ್ಯಾನನ್ನು ದಾಟುತ್ತಾಳೆ.
ಬಿಸಿ ಬ್ರೆಡ್ಡು ಹೊತ್ತ ನಾನು
ನೋಡಬೇಕಾದ್ದು ರಸ್ತೆಯನ್ನು.
ನೂಲನ್ನೇ ನೋಡುತ್ತೇನೆ.