ಏಳು ಸೀಟಿನ ಗಾಡಿ

ಮಂಗಳವಾರ ನಮ್ಮ ಖಾನಾವಳಿ ರಜಾ.
ಜಮಖಂಡಿಯಿಂದ ಮುಧೋಳಕ್ಕ ಹೋದ್ವಿ ಗಾಡಿ ನೋಡಾಕ:
ನಾನು, ಗ್ಯಾರೇಜಿನ ಹುಸೇನಸಾಬ,
ಅವನ ಕಿಸೆದಾಗ ಒಂದು ಟಾರ್ಚು, ಒಂದು ಅಯಸ್ಕಾಂತ.
ಮತ್ತ ಅವ್ವ. "ನಾ ಕುಂತು ನೋಡಿದ ಮ್ಯಾಲನ ರೊಕ್ಕ."

ಬೇವಿನ ಗಿಡದ ಬುಡಕ ನಿಂತಿತ್ತು,
ಬಿಳೇದು, ಎತ್ತರಂದು,
ಸಂತಿಗೆ ಮೈ ತೊಳದು ತಂದ ಹೋರಿಯಂಗ.
ಟೈರಿಗೆ ಸೈತ ಕರೀ ಪಾಲಿಶು.
"ಇದು ಮದುವಿ ದಿನದ ಮಾರಿ, ಅಕ್ಕಾ," ಅಂದ ಹುಸೇನಸಾಬ,
"ಮುಂಜಾನೆ ಎದ್ದ ಮಾರಿ ನೋಡಬೇಕು."
ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟ, ಕೂಸಿನ ಜ್ವರ ನೋಡಿದಂಗ.
ಬೆಚ್ಚಗಿತ್ತು.
"ನಾವು ಬರೂಕಿಂತ ಮೊದಲ ಒಮ್ಮೆ ಚಾಲೂ ಮಾಡೀರಿ, ಹೌದಲ್ರಿ?"
ಪರಗೊಂಡಪ್ಪನವರು ಹೆಗಲಿನ ಟವೆಲ್ ಸರಿ ಮಾಡಿಕೊಂಡರು.

ಆರಲಿ ಅಂತ ಕುಂತ್ವಿ.
ಚಹಾ ಬಂತು, ಬಸಿಯೊಳಗ ಅರ್ಧ, ಕಪ್ಪಿನ್ಯಾಗ ಅರ್ಧ.

ಅಯಸ್ಕಾಂತ ಮೈಗುಂಟ ಹಚಗೋತ ಹೋಯಿತು,
ಎಡಗಡೆ ಹಿಂದಿನ ಬಾಗಿಲಕ ಬಂದು ಜಾರಿ ಬಿತ್ತು.
ಬಣ್ಣದ ಕೆಳಗ ತಗಡಲ್ಲ, ಪುಟ್ಟಿ.
"ಒಮ್ಮೆ ಎಲ್ಲೋ ಬಡಿಸಿಕೊಂಡೈತಿ. ಸಾಯೂ ಜಡ್ಡೇನಲ್ಲ."
ಮೀಟರಿನ್ಯಾಗ ಎಂಬತ್ತೆರಡು ಸಾವಿರ.
ಬ್ರೇಕಿನ ರಬ್ಬರು ಮಾತ್ರ ಬಚ್ಚಲ ಕಲ್ಲಿನಂಗ ನುಣ್ಣಗ.
"ಅಂಕಿ ಸುಳ್ಳು ಹೇಳತಾವು, ಅಕ್ಕಾ. ಪಾದ ಹೇಳಾಂಗಿಲ್ಲ."

ಲೀಟರಿಗೆ ಹನ್ನೊಂದು ಅಂದರು. ನಾ ಒಂಬತ್ತು ಹಿಡದೆ.
ಮನಸಿನ್ಯಾಗ ರೊಟ್ಟಿ ಎಣಿಸಿದೆ:
ಇಲ್ಲಿಗೆ ಬಂದು ಹೋಗಾಕ ಇಷ್ಟು, ವಿಜಯಪುರದ ದವಾಖಾನಿಗೆ ಇಷ್ಟು,
ನಾಲ್ಕು ಟೈರಿಗೆ ಎರಡು ತಿಂಗಳ ರೊಟ್ಟಿ.

ಅವ್ವ ಕಡೀ ಸಾಲಿಗೆ ಏರಿದಳು.
ಮೊಳಕಾಲು ಗದ್ದಕ್ಕ ಬಂತು.
"ಇಲ್ಲಿ ನಾ ಅಲ್ಲ, ನನ್ನ ಎಲಿ ಅಡಕಿ ಚೀಲ ಕುಂದರತೈತಿ."
ಆಕಿನ್ನ ಇಳಸಾಕ ಇಬ್ಬರು ಬೇಕಾತು.
ಆ ಸಾಲು ಹುಡುಗರದು.
ತಂಗಿ ಶಿವಲೀಲಾನ ಮೂರು ಹುಡುಗರು,
ಒಂದ ಟ್ರಂಕಿನ ಜೋಡಿ ಬಂದು ಎರಡು ತಿಂಗಳಾತು.
ಇನ್ನೂ ಊಟಕ್ಕ ಕುಂದರೂ ಮುಂದ ಕೇಳತಾವು,
ಇಲ್ಲಿ ಕುಂದ್ರಲೇನು ಅಂತ.

ಹುಸೇನಸಾಬ ಆ ಸಾಲಿನ ಬೆಲ್ಟು ಎಳದ,
ಬಾವಿ ಹಗ್ಗ ಜಗ್ಗಿದಂಗ, ತುದೀತನಕ.
ಘಟಪ್ರಭಾ ಗಾಡಿಯೊಳಗ ಬಂದು ಹೋಗಿದ್ರ
ಅಲ್ಲಿ ಕೆಸರಿನ ಗೆರಿ ಇರತೈತಂತ.
ಸೀಟು ತೊಳೀತಾರ, ಬೆಲ್ಟಿನ ಹೊಟ್ಟಿ ಯಾರು ತೊಳೀತಾರ?
ಕೆಸರಿರಲಿಲ್ಲ.
ನೀಲಿ ಪೆನ್ನಿಲೆ, ಸೊಟ್ಟ ಸೊಟ್ಟ ಬರದಿತ್ತು:
ಇದು ಸಾಕ್ಷಿ ಜಾಗಾ. ಯಾರೂ ಕುಂದರಬಾರದು.

"ಪೆಟ್ರೋಲ್ ಹಚ್ಚಿ ತಿಕ್ಕಿದ್ರ ಹೋಗತೈತಿ," ಅಂದ.
"ಯಾರ್ರಿ ಸಾಕ್ಷಿ?" ಅಂದೆ.
"ತಮ್ಮನ ಮಗಳು. ಆ ಕಡೆ ಅದಾಳ."
ಆವಾಗ ನೋಡಿದೆ ಅಂಗಳದ ನಡುವಿನ ಗ್ವಾಡಿ,
ಮ್ಯಾಲ ಹಸೀ ಗೋಣಿಚೀಲ, ಇನ್ನೂ ನೀರು ಕುಡೀತಿತ್ತು.
"ಮನಿ ಹಂಚಿದ್ವಿ. ಹೊಲ ಹಂಚಿದ್ವಿ.
ಇದನ್ನ ಹ್ಯಾಂಗ ಕೊಯ್ಯೂದ್ರಿ?"

ಕಾಗದ ತಗದ್ರು. ಗಾಡಿ ತೀರಿಹೋದ ಅಪ್ಪನ ಹೆಸರಿನ್ಯಾಗಿತ್ತು.
ಹುಸೇನಸಾಬ ತಿರುವಿ ಹಾಕಿದ, ಕನ್ನಡಕ ತಗದ:
"ಇಬ್ಬರದೂ ಸಹಿ ಬೇಕಾಗತಾವ್ರಿ. ಒಬ್ಬರದು ನಡಿಯಾಂಗಿಲ್ಲ."

ಪರಗೊಂಡಪ್ಪನವರು ಭಾಳೊತ್ತು ಗಾಡಿ ನೋಡಿದರು.
ಆಮ್ಯಾಲ ಗ್ವಾಡಿ ಮಗ್ಗಲಕ ಹೋಗಿ,
ಕರಿಯೂದು ಮರತವರಂಗ ಒಮ್ಮೆ ಕೆಮ್ಮಿ,
"ಏ ತಮ್ಮಾ," ಅಂದರು.
ಆ ಕಡೆ ನೀರು ಹೊಡಿಯೂ ಸಪ್ಪಳ ನಿಂತಿತು.

ನಾವು ಇನ್ನೂ ರೇಟು ಮಾತಾಡಿರಲಿಲ್ಲ.