ಎರಡು ಬೆರಳು ಮೇಲೆ

ಬಣ್ಣಕ್ಕೆ ದುಡ್ಡಿರಲಿಲ್ಲ. ಖೂದಿಯಾ
ಅವಳಮ್ಮನ ಒಗೆಯುವ ಬೋಗುಣಿಯ ಪಕ್ಕದಿಂದ
ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ಏಳು ಕದ್ದು ತಂದಳು.
ಸುಣ್ಣಕ್ಕೆ ಕಲಸಿದೆವು. ಚಹಾ ಮೂರನೆಯ ಸಲ ಕುದಿಯುವಷ್ಟರಲ್ಲಿ
ಬಕೆಟ್ಟಿನೊಳಗೊಂದು ಆಕಾಶ.
ಆಕಾಶವೆಂದು ನಾನಂದೆ. ಬಿರಾನ್ ನಕ್ಕ:
'ಕವಿತೆ ಆಮೇಲೆ. ಮೊದಲು ಕೊಳವೆ ಹಿಡಿ.'

ಅವನಪ್ಪ ಗಾರೆ ಕೆಲಸದವನು. ಪಾರದರ್ಶಕ ಕೊಳವೆಗೆ
ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿದರೆ
ಈ ಮನೆಯ ಮಟ್ಟ ಆ ಮನೆಗೆ ತಿಳಿಯುತ್ತದೆ.
ನೀರು ಎಲ್ಲಿಯವರೆಗೆ ಬಂದಿತ್ತೆಂದು
ನೀರನ್ನೇ ಕೇಳಿದೆವು.

ಪಿಕೀನ್ ತಗ್ಗಿನಲ್ಲಿದೆ. ಡಾಕಾರಿನಲ್ಲಿ ಎಲ್ಲೆಲ್ಲೋ ಬಿದ್ದ ಮಳೆಯೂ
ನಮ್ಮಲ್ಲಿಗೇ ಬಂದು ಕೂರುತ್ತದೆ, ಕರೆಯದ ನೆಂಟನಂತೆ, ಮೂರು ತಿಂಗಳು.
ಗೆರೆ ಎಳೆಯುತ್ತ ಹೋದೆವು: ಗೆರೆ ನೇರ, ಬೀದಿಯೇ ಡೊಂಕು.
ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಮೊಣಕಾಲುದ್ದ,
ಮಸೀದಿಯ ಮೆಟ್ಟಿಲ ಬಳಿ ಸೊಂಟದಷ್ಟು,
ಶಾಲೆಯೊಳಗೆ ಕರಿಹಲಗೆಯ ನಡುವೆ ಹಾದು
ಯಾರೋ ಅಳಿಸದೆ ಬಿಟ್ಟ ಭಾಗಾಕಾರವನ್ನು ಎರಡಾಗಿ ಭಾಗಿಸಿತು.
ಚುನಾವಣೆಯ ಭಿತ್ತಿಚಿತ್ರದಲ್ಲಿ ನಗುವ ಮಹಾಶಯರಿಗೆ
ಸರಿಯಾಗಿ ಮೂಗಿನ ಕೆಳಗೆ.
ಅಲ್ಲಿ ಮಾತ್ರ ಎರಡು ಸಲ ಬಳಿದೆವು.

ಗೋಡೆ ಕೆಡಿಸುತ್ತೀರೆಂದು ಕೋಲೆತ್ತಿ ಬಂದ ಮುದುಕ ಪಾಥೆ
ತಾನೇ ಒಳಗೆ ಕರೆದೊಯ್ದ. 'ಮಲಗುವ ಕೋಣೆಗೂ ಎಳೆಯಿರಿ,
ನಾಲ್ಕೂ ಗೋಡೆಗೆ. ನೋಡುವವರಿಗಲ್ಲ, ನನಗೆ.
ಬೇಸಿಗೆ ಬಂದರೆ ಮರೆತು ಮತ್ತೆ ನೆಲಕ್ಕೇ ಹಾಸಿಗೆ ಹಾಸುತ್ತೇನೆ.'

ಒಂದೊಂದು ಮನೆಯವರೂ ಫೋನಿಗೆ ಒಂದೊಂದು ಮಾತು ಹೇಳಿದರು:
'ಕುರಿಯನ್ನು ತಾರಸಿಗೆ ಹತ್ತಿಸಿದೆವು. ಅಜ್ಜನನ್ನು ಆಮೇಲೆ.'
'ಮದುವೆಯ ಫೋಟೋದಲ್ಲಿ ಈಗ ನಾನೊಬ್ಬಳೇ ಇದ್ದೇನೆ.'
'ಪಂಪು ಬಂತು. ಡೀಸೆಲ್ ಬರಲಿಲ್ಲ.'
'ನನ್ನ ಮಂಚದ ಕೆಳಗೆ ಮೀನು ಮರಿ ಮಾಡಿತು, ಬಾಡಿಗೆ ನಾನು ಕಟ್ಟಿದೆ.'
ಸಂಜೆ ಕುದುರೆಗಾಡಿಗೆ ಧ್ವನಿವರ್ಧಕ ಬಿಗಿದು
ಅದನ್ನೇ ಹಾಕಿಕೊಂಡು ಸುತ್ತಿದೆವು. ತಮ್ಮದೇ ದನಿ
ತಮ್ಮ ಬಾಗಿಲ ಮುಂದೆ ಹಾದುಹೋಗುವಾಗ
ಜನ ಎದ್ದು ನಿಂತರು, ಯಾರೋ ಹಿರಿಯರು ಬಂದಂತೆ.

ತ್ಯೋರೊ ಮಾತ್ರ ಬೇಡವೆಂದಳು.
ಕೂಗಲಿಲ್ಲ. ಗೋಡೆಗೆ ಅಡ್ಡ ನಿಂತಳು, ಅಷ್ಟೆ.
'ಇದನ್ನು ಒಣಗಿಸಲು ನನಗೆ ಆರು ವರ್ಷ ಹಿಡಿಯಿತು.'
ಅವಳ ಮಗ ಎಷ್ಟೆತ್ತರವಿದ್ದನೆಂದು ನಮಗೆ ಗೊತ್ತಿತ್ತು,
ನಮ್ಮ ತರಗತಿಯವನೇ.
ಕುಂಚ ಎತ್ತಿ, ಹನ್ನೊಂದು ಹೆಜ್ಜೆ ದಾಟಿ
ಮುಂದಿನ ಗೋಡೆಗೆ ಇಟ್ಟೆವು.

ಪತ್ರಿಕೆಯವರು ಬಂದರು, ಕ್ಯಾಮೆರಾದವರು ಬಂದರು,
ಗೆರೆಯ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ.
'ಇಲ್ಲೇಕೆ ಇಲ್ಲ? ಇಲ್ಲಿ ನೀರು ಬರಲಿಲ್ಲವೇ?'
ಖೂದಿಯಾ ತನ್ನ ಚಪ್ಪಲಿ ನೋಡುತ್ತ ನಿಂತಳು.

ಆಮೇಲೆ ನಗರಸಭೆಯವರು. ಸುಣ್ಣದ ಡ್ರಮ್ಮು, ಉದ್ದ ಕೋಲಿನ ಕುಂಚ,
ಒಂದೇ ಬೆಳಗಿಗೆ ಬೀದಿಗೆ ಬೀದಿಯೇ ಬೆಳ್ಳಗೆ.
ಡೀಸೆಲ್ಲಿಗೆ ಸಿಗದ ದುಡ್ಡು ಸುಣ್ಣಕ್ಕೆ ಸಿಕ್ಕಿತಲ್ಲ ಎಂದು
ಫೋನಿಗೆ ಹೇಳಿದವರ ಹೆಸರು ನಾವು ಹೇಳುವುದಿಲ್ಲ.
ನೀಲಿಯ ಗುಣ ಅವರಿಗೆ ತಿಳಿಯದು. ಒಗೆಯುವವರಿಗೆ ಗೊತ್ತು:
ಒದ್ದೆಯಾದರೆ ಹೊರಗೆ ಬರುತ್ತದೆ.
ಮೊದಲ ತುಂತುರಿಗೇ ಸುಣ್ಣದಡಿಯಿಂದ ಮೆಲ್ಲಗೆ,
ಮಣಿಕಟ್ಟಿನ ನರದ ಹಾಗೆ, ಬಂತು.
ನೀರ ಮೇಲಿನ ಬರಹ ನಿಲ್ಲದೆನ್ನುತ್ತಾರೆ.
ನೀರೇ ಬರೆದದ್ದರ ಮಾತು ಬೇರೆ.

ಆ ಸಂಜೆ ತ್ಯೋರೊ ಬೀದಿ ದಾಟಿ ಬಂದಳು.
ಎದುರು ಗೋಡೆಯ ಗೆರೆಗೆ ಅಂಗೈ ಆನಿಸಿ
ತುಸು ಹೊತ್ತು ಹಾಗೆಯೇ.
'ತಪ್ಪು,' ಅಂದಳು. 'ಎರಡು ಬೆರಳು ಮೇಲೆ.'

ಕೊಳವೆ ಸುಳ್ಳು ಹೇಳದು ಎನ್ನಲು ಬಿರಾನ್ ಬಾಯಿ ತೆರೆದ.
ಖೂದಿಯಾ ಕೊಳವೆಯ ನೀರನ್ನು ಮರಳಿಗೆ ಚೆಲ್ಲಿದಳು.

ತ್ಯೋರೊಳ ಗೋಡೆ ಇನ್ನೂ ಖಾಲಿ.
ಉಳಿದ ಬೀದಿಯನ್ನೆಲ್ಲ ನಾಳೆಯಿಂದ ಮತ್ತೆ ಎಳೆಯಬೇಕು.
ಪೊಟ್ಟಣ ಇನ್ನೆಷ್ಟು ಬೇಕೋ,
ಈ ಸಲ ಅಮ್ಮನನ್ನೇ ಕೇಳುತ್ತೇನೆ ಅಂದಳು ಖೂದಿಯಾ.